ನಿಘಂಟಿನ ನೆರವಿನಿಂದ ಓದಬಲ್ಲೆ

ಸೋವಿಯತ್ ಆಡಳಿತದ ಕಾಲದಲ್ಲಿ ಉದ್ಯೋಗಕ್ಕೆ ಸೇರುವವನು ತುಂಬಿಕೊಡಬೇಕಾಗಿದ್ದ ವಿವರಪತ್ರದಲ್ಲಿ, ಹೆಸರು, ಜನ್ಮಸ್ಥಳ, ವಿದ್ಯಾಭ್ಯಾಸ ಮೊದಲಾದ ಪ್ರಶ್ನೆಗಳ ನಡುವೆ, ಯಾವ ವಿದೇಶೀ ಭಾಷೆಯನ್ನು ಎಷ್ಟರಮಟ್ಟಿಗೆ ಬಲ್ಲಿರಿ ಎಂಬುದೂ ಒಂದು ಪ್ರಶ್ನೆಯಾಗಿತ್ತು. ಅದಕ್ಕೆ ಬಹುಮಂದಿ ವಿದ್ಯಾವಂತರು ಬರೆಯುತ್ತಿದ್ದ ಉತ್ತರ, ಅಚ್ಚು ಹಾಕಿಸಿದಂತೆ, ಒಂದೇ: ‘ನಿಘಂಟಿನ ನೆರವಿನಿಂದ ಓದಬಲ್ಲೆ, ಭಾಷಾಂತರಿಸಬಲ್ಲೆ.’ ಶಾಲೆಯಲ್ಲಿ ಹಲವು ವರ್ಷವೂ ಅನಂತರ ಕಾಲೇಜಿನಲ್ಲಿಯೂ ಇಂಗ್ಲಿಷನ್ನು ಅಭ್ಯಾಸಮಾಡಿ, ಕ್ರಿಯಾಪದಗಳ ಕಾಲಭೇದಗಳನ್ನೆಲ್ಲ ತಡವರಿಸದೆ ಒಪ್ಪಿಸಬಲ್ಲವನಾಗಿದ್ದರೂ, ‘ಮಾತನಾಡಬಲ್ಲೆ’ ಎಂದು ಬರೆಯಲು ಅವನ ಲೇಖನಿ ಹಿಂಜರಿಯುತ್ತಿತ್ತು. ಈ ಹಿಂಜರಿಕೆಯ ಬೇರು ರಷ್ಯಾದಲ್ಲಿ ಇಂಗ್ಲಿಷ್ ಭಾಷೆ ನಾಲ್ಕು ಶತಮಾನಗಳ ಕಾಲ ನಡೆದುಬಂದ ದಾರಿಯಲ್ಲಿಯೇ ಇರುವುದರಿಂದ, ಆ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡುವುದು ಉಚಿತ.

ಮೊದಲು ಅಲ್ಲಿ ವ್ಯಾಕರಣವಿರಲಿಲ್ಲ, ಮಾತು ಮಾತ್ರವಿತ್ತು. ಉತ್ತರದ ಹಿಮಸಮುದ್ರವನ್ನು ಬಳಸಿ ಚೀನಾದೇಶವನ್ನು ಸೇರಬೇಕೆಂದು 1553ರಲ್ಲಿ ಇಂಗ್ಲೆಂಡಿನಿಂದ ಹೊರಟ ಮೂರು ಹಡಗುಗಳಲ್ಲಿ ಎರಡರ ನಾವಿಕರು ಲ್ಯಾಪ್‌ಲೆಂಡಿನ ಕರಾವಳಿಯ ಚಳಿಗಾಲಕ್ಕೆ ಬಲಿಯಾದರು. ರಿಚರ್ಡ್ ಚಾನ್ಸಲರನ ಹಡಗೊಂದು ಮಾತ್ರ ಶ್ವೇತಸಮುದ್ರವನ್ನು ಹೊಕ್ಕು, ಉತ್ತರ ದ್ವಿನಾ ನದಿಯ ಮುಖವನ್ನು ಮುಟ್ಟಿತು. ಅಲ್ಲಿಂದ ಮಾಸ್ಕೋಗೆ ಹೋದ ಚಾನ್ಸಲರನು ನಾಲ್ಕನೆಯ ಇವಾನನ ದರ್ಶನ ಪಡೆದು ಹಿಂದಿರುಗಿದ ಫಲವಾಗಿ 1555ರಲ್ಲಿ ಮಸ್ಕೊವಿ ಕಂಪೆನಿ ಏರ್ಪಟ್ಟು, ಮಾಸ್ಕೋದ ವರ್ವಾರ್ಕಾ ಬೀದಿಯಲ್ಲಿ ಇಂಗ್ಲಿಷ್ ವರ್ತಕರಿಗೆಂದು ಒಂದು ಮನೆಯೂ ದೊರೆಯಿತು. ತುಪ್ಪುಳುಚರ್ಮ, ಮೇಣ, ಹಗ್ಗ ಒಂದು ಕಡೆ, ಉಣ್ಣೆಯ ಬಟ್ಟೆ ಇನ್ನೊಂದು ಕಡೆ ಇಟ್ಟುಕೊಂಡು ಕುಳಿತವರಿಗೆ ಬೆಲೆ ಹೇಳುವಷ್ಟು, ಬೆಲೆ ಇಳಿಸುವಷ್ಟು ಮಾತು ತಾನಾಗಿಯೇ ಬಂದಿರಬೇಕು. ಅದಕ್ಕೂ ಎಂಬತ್ತು ವರ್ಷಗಳ ಹಿಂದೆ ನಮ್ಮ ಬೀದರಿನವರೆಗೆ ಬಂದಿದ್ದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನನ ಪ್ರವಾಸಕಥನದಲ್ಲಿಯೂ, ರಷ್ಯನ್ ವಾಕ್ಯಗಳ ನಡುನಡುವೆ, ತುರ್ಕಿ ಪಾರಸಿ ಅರಬ್ಬೀ ನುಡಿಗಳು ಬೆರೆತ ಸಂತೆಯ ಭಾಷೆ ಕಾಣಿಸಿಕೊಳ್ಳುವುದುಂಟು. ವ್ಯಾಪಾರಿ ಗುರುವಿಗಾಗಿ ಕಾಯುವುದಿಲ್ಲ; ಗಿರಾಕಿಯೇ ಅವನಿಗೆ ಗುರು.

ಭಾಷೆಯನ್ನು ಪುಸ್ತಕಕ್ಕಿಳಿಸುವ ಕಾರ್ಯವನ್ನು ಮೊದಲು ಕೈಗೊಂಡವರು ಇಂಗ್ಲಿಷರು. 1594ರಿಂದ 1599ರವರೆಗೆ ಮಾಸ್ಕೋದಲ್ಲಿ ಆಸ್ಥಾನವೈದ್ಯನಾಗಿದ್ದ ಮಾರ್ಕ್ ರಿಡ್ಲೆ, ರೋಗಿಗಳ ನಾಡಿಯನ್ನು ನೋಡುತ್ತಲೇ ಸುಮಾರು 6,000 ರಷ್ಯನ್ ಪದಗಳನ್ನು ಇಂಗ್ಲಿಷ್ ಅರ್ಥಸಹಿತ ಸಂಗ್ರಹಿಸಿದನು. ಆ ಹಸ್ತಪ್ರತಿ ಇಂದಿಗೂ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಭಂಡಾರದಲ್ಲಿದೆ. ರಷ್ಯಾದ ಕಡೆಯಿಂದ ನಡೆದ ಮೊದಲ ಪ್ರಯತ್ನದ ಕಥೆ ಬೇರೆ. 1602ರಲ್ಲಿ ಬೋರಿಸ್ ಗೊದುನೋವನು ಇಂಗ್ಲಿಷ್, ಲ್ಯಾಟಿನ್ ಮೊದಲಾದ ಭಾಷೆಗಳನ್ನು ಕಲಿತುಬರಲೆಂದು ನಾಲ್ವರು ತರುಣರನ್ನು ಇಂಗ್ಲೆಂಡಿಗೆ ಕಳುಹಿಸಿದನು. ಸ್ವಲ್ಪ ಕಾಲದಲ್ಲಿಯೇ ದೊರೆಯೂ ಗತಿಸಿ, ರಾಜ್ಯವೂ ಅರಾಜಕತೆಗೆ ಸಿಕ್ಕಿತು. ಹೋದವರು ಮರಳಲೇ ಇಲ್ಲ. ಅವರಲ್ಲೊಬ್ಬನು ಆಂಗ್ಲಿಕನ್ ಪಾದ್ರಿಯಾಗಿ ಹಂಟಿಂಗ್‌ಡನ್ ಪ್ರಾಂತದ ಹಳ್ಳಿಯೊಂದರಲ್ಲಿ ನೆಲೆಸಿ, ಮುಂದೆ ತಾಯ್ನಾಡಿನ ರಾಯಭಾರಿಗಳು ಬಂದು ಕರೆದಾಗಲೂ ಒಪ್ಪಲಿಲ್ಲ. ಭಾಷೆಯನ್ನು ತರಲು ಹೋದವರನ್ನು ಭಾಷೆಯೇ ಇಟ್ಟುಕೊಂಡಿತು.

ಪೀಟರ್ ಮಹಾಶಯನು ಈ ಕ್ರಮವನ್ನು ತಿರುಗಿಸಿ, ಗುರುಗಳನ್ನೇ ತನ್ನ ದೇಶಕ್ಕೆ ಬರಮಾಡಿಕೊಂಡನು. 1701ರಲ್ಲಿ ಮಾಸ್ಕೋದಲ್ಲಿ ಸ್ಥಾಪಿತವಾಗಿ ಸುಖರೇವ್ ಗೋಪುರದಲ್ಲಿ ನಡೆದ ಗಣಿತ ಮತ್ತು ನೌಕಾವಿದ್ಯೆಯ ಶಾಲೆಗೆ ಅಬರ್ಡೀನಿನ ಹೆನ್ರಿ ಫಾರ್ಕ್ವರ್ಸನ್ ಮುಖ್ಯೋಪಾಧ್ಯಾಯನಾದನು. ಅಲ್ಲಿಂದ ಮುಂದೆ ಇಂಗ್ಲಿಷ್ ರಷ್ಯಾದಲ್ಲಿ ಬಹುಕಾಲ ನೌಕಾಪಡೆಯವರ ಭಾಷೆಯಾಗಿ ಉಳಿಯಿತು. ಸರದಾರರ ಮನೆಗಳಲ್ಲಿ ಫ್ರೆಂಚೂ, ಶಾಸ್ತ್ರಜ್ಞರ ಸಭೆಗಳಲ್ಲಿ ಜರ್ಮನ್ನೂ ಮೆರೆಯುತ್ತಿದ್ದಾಗ, ಇಂಗ್ಲಿಷ್ ಬೇಕಾದದ್ದು ಹಾಯಿಯನ್ನೂ ನಕಾಶೆಯನ್ನೂ ಹಿಡಿದವರಿಗೆ. ಆದುದರಿಂದಲೇ ರಷ್ಯನ್ ಭಾಷೆಯಲ್ಲಿ ಅಚ್ಚಾದ ಮೊದಲ ಇಂಗ್ಲಿಷ್ ವ್ಯಾಕರಣ, ಮಿಖಾಯಿಲ್ ಪೆರ್ಮ್‌ಸ್ಕಿಯದು, 1766ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೌಕಾ ಕೆಡೆಟ್ ಶಾಲೆಯ ಆಶ್ರಯದಲ್ಲಿ ಹೊರಬಂದುದು ಸಹಜವಾಗಿದೆ. ಅದೇ ಶಾಲೆಯ ಉಪಾಧ್ಯಾಯ ಪ್ರೋಖೊರ್ ಝ್ದಾನೋವನು 1772ರಲ್ಲಿ ಇನ್ನೊಂದು ವ್ಯಾಕರಣವನ್ನೂ 1784ರಲ್ಲಿ ಇಂಗ್ಲಿಷ್-ರಷ್ಯನ್ ನಿಘಂಟನ್ನೂ ಪ್ರಕಟಿಸಿದನು.

ಪುಸ್ತಕಗಳು ಬಂದವು, ಆದರೆ ಪುಸ್ತಕದ ಭಾಷೆಯನ್ನು ಆಡುವವರು ಬಂದರೋ? ಮಹಾಕವಿ ಪುಷ್ಕಿನನ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. 1829ರಲ್ಲಿ ಕಾಕಸಸ್ ಪ್ರಾಂತದ ಸೇನಾಶಿಬಿರದಲ್ಲಿ ಅವನು ಷೇಕ್ಸ್‌ಪಿಯರನ ಮೂಲವನ್ನು ಓದಿ ಗೆಳೆಯರಿಗೆ ಅನುವಾದಿಸಿ ಹೇಳುತ್ತಿದ್ದನಂತೆ. ಅವನು ಇಂಗ್ಲಿಷನ್ನು ಓದುವ ರೀತಿ ಎಷ್ಟು ವಿಚಿತ್ರವಾಗಿತ್ತೆಂದರೆ, ಆ ಭಾಷೆಯನ್ನು ಬಲ್ಲ ಮಿತ್ರನೊಬ್ಬನು ನಗು ತಡೆಯಲಾರದೆ ಹೋದನು. ಕವಿಯೂ ನಗುತ್ತ, ತಾನು ಸ್ವಂತವಾಗಿ ಕಲಿತವನಾದ್ದರಿಂದ ಇಂಗ್ಲಿಷ್ ಅಕ್ಷರಗಳನ್ನು ಲ್ಯಾಟಿನಿನಂತೆ ಉಚ್ಚರಿಸುತ್ತೇನೆಂದು ಒಪ್ಪಿಕೊಂಡನು. ಆದರೆ ಅರ್ಥದಲ್ಲಿ ಎಲ್ಲಿಯೂ ತಪ್ಪಿರಲಿಲ್ಲವೆಂಬುದನ್ನು ಆ ಮಿತ್ರನೂ ಒಪ್ಪಬೇಕಾಯಿತೆಂದು ಜೊತೆಗಿದ್ದವರೊಬ್ಬರು ಬರೆದಿಟ್ಟಿದ್ದಾರೆ. ವ್ಯಾಕರಣವನ್ನು ಏಕಾಂತದಲ್ಲಿ ಸಾಧಿಸಬಹುದು. ಸಂಭಾಷಣೆಗೆ ಎದುರಿಗೊಬ್ಬರು ಬೇಕು. ಆ ಎದುರಾಳು ದೊರೆಯುತ್ತಿದ್ದುದು ಇಂಗ್ಲಿಷ್ ದಾದಿಯನ್ನೋ ಶಿಕ್ಷಕಿಯನ್ನೋ ಸಂಬಳ ಕೊಟ್ಟು ಇಟ್ಟುಕೊಳ್ಳಬಲ್ಲ ಶ್ರೀಮಂತರಿಗೆ ಮಾತ್ರ. 1899ರಲ್ಲಿ ಅಂಥ ಮನೆಯೊಂದರಲ್ಲಿ ಹುಟ್ಟಿದ ವ್ಲಾದಿಮಿರ್ ನಬೊಕೋವ್, ರಷ್ಯನ್ ಓದಲು ಕಲಿಯುವ ಮೊದಲೇ ಇಂಗ್ಲಿಷ್ ಓದುತ್ತಿದ್ದನು.

ಇಂಗ್ಲಿಷ್ ರಷ್ಯನ್ನರನ್ನು ಯಾವ ಸ್ಥಳದಲ್ಲಿ ಎಡವಿಸುತ್ತದೆಂಬುದು ಕನ್ನಡಿಗರಿಗೆ ಕೌತುಕದ ವಿಷಯ. ಏಕೆಂದರೆ ಕೆಲವು ಎಡವುಗಲ್ಲುಗಳು ನಮ್ಮ ಅಂಗಳದಲ್ಲಿಯೂ ಇವೆ. ‘ನಾನು ವಿದ್ಯಾರ್ಥಿ’ ಎಂದು ನಾವು ಕ್ರಿಯಾಪದವಿಲ್ಲದೆ ಮುಗಿಸುವಂತೆಯೇ ಅವರೂ ಮುಗಿಸುತ್ತಾರೆ. ‘ಎ’, ‘ದಿ’ ಎಂಬ ಆರ್ಟಿಕಲ್ಲುಗಳು ಇಬ್ಬರಿಗೂ ಹೊಸವು. ‘ನನಗೊಬ್ಬ ಅಣ್ಣನಿದ್ದಾನೆ’ ಎಂಬುದನ್ನು ಅವರು ‘ನನ್ನ ಬಳಿ ಅಣ್ಣನಿದ್ದಾನೆ’ ಎನ್ನುವರು. ಅಣ್ಣನನ್ನು ‘ಹೊಂದಿದ್ದೇನೆ’ ಎನ್ನುವ ಇಂಗ್ಲಿಷಿನ ರೀತಿ ಎರಡೂ ಮನೆಗೆ ಅಪರಿಚಿತ. ನೀನು-ನೀವು ಎಂಬ ಭೇದ ಅವರಲ್ಲಿಯೂ ಇರುವುದರಿಂದ, ಹಿರಿಯರಿಗೂ ಮಗುವಿಗೂ ಒಂದೇ ‘ಯೂ’ ಸಾಕೆಂಬುದು ಅವರ ನಾಲಗೆಗೂ ಮುಜುಗರ. ಆದರೆ ‘ಓದಿದೆ, ಓದಿದ್ದೇನೆ, ಓದಿದ್ದೆ, ಓದುತ್ತಿದ್ದೆ’ ಎಂದು ನಾವು ನಿರಾಯಾಸವಾಗಿ ಬಿಡಿಸುವ ಭೂತಕಾಲದ ಎಳೆಗಳು ಅವರಿಗೆ ಕಗ್ಗಂಟು. ಅವರ ಭಾಷೆ ಭೂತಕಾಲಕ್ಕೆ ಒಂದೇ ರೂಪವನ್ನಿಟ್ಟು, ಕಾರ್ಯ ಮುಗಿಯಿತೋ ಇಲ್ಲವೋ ಎಂಬುದನ್ನು ಧಾತುಗಳ ಜೋಡಿಯಿಂದ ಸೂಚಿಸುತ್ತದೆ. ಹ್ರಸ್ವ-ದೀರ್ಘಗಳಿಂದ ಅರ್ಥ ಬದಲಾಗುವುದೂ ಅವರಲ್ಲಿಲ್ಲವಾದ್ದರಿಂದ ‘ಶಿಪ್ಪೂ’ ‘ಶೀಪೂ’ ಒಂದೇ ಆಗುತ್ತವೆ. ಪದಾಂತ್ಯದ ಘೋಷವ್ಯಂಜನ ಅಘೋಷವಾಗುವ ಅಭ್ಯಾಸದಿಂದ ‘ಬೆಡ್’ ‘ಬೆಟ್’ ಆಗುತ್ತದೆ. ಕಾಲರೂಪಗಳನ್ನು ಅಭ್ಯಾಸಪುಸ್ತಕ ತಿದ್ದಬಹುದು. ಉಚ್ಚಾರವನ್ನು ತಿದ್ದಲು ಕೇಳುವ ಕಿವಿಯೊಂದು ಬೇಕು.

ಸೋವಿಯತ್ ಶಾಲೆಯಲ್ಲಿ ದೊರೆಯದೆ ಹೋದದ್ದು ಆ ಕಿವಿಯೇ. ಎರಡನೆಯ ಮಹಾಯುದ್ಧದವರೆಗೆ ಅಲ್ಲಿ ಜರ್ಮನ್ನಿಗೇ ಅಗ್ರಸ್ಥಾನ. ಅನಂತರ ಇಂಗ್ಲಿಷ್ ಮುಂದೆ ಬಂದರೂ, ವಿದೇಶೀಯನೊಡನೆ ಮಾತನಾಡುವುದೇ ಸಂಶಯಕ್ಕೆ ಆಸ್ಪದವಾಗಿದ್ದ ನಾಡಿನಲ್ಲಿ, ಶಾಸ್ತ್ರಗ್ರಂಥಗಳನ್ನು ಓದಿಕೊಳ್ಳುವಷ್ಟು ಭಾಷೆ ಸಾಕೆಂಬ ಭಾವನೆ ಬಲವಾಗಿತ್ತು. ಸಂಭಾಷಣೆಯ ಸ್ಥಾನದಲ್ಲಿ ‘ಟಾಪಿಕ್’ ಎಂಬುದೊಂದು ಬಂದಿತು: ನನ್ನ ಕುಟುಂಬ, ನನ್ನ ದಿನಚರಿ, ಲಂಡನ್ ನಗರ ಎಂಬ ವಿಷಯಗಳ ಮೇಲೆ ಬಾಯಿಪಾಠ ಮಾಡಿ ಒಪ್ಪಿಸುವ ಸಣ್ಣ ಉಪನ್ಯಾಸ. ಲಂಡನ್ ಗ್ರೇಟ್ ಬ್ರಿಟನ್ನಿನ ರಾಜಧಾನಿ ಎಂಬ ವಾಕ್ಯ ಹೀಗೆ ಪ್ರತಿಯೊಬ್ಬರ ಬಾಯಿಗೂ ಬಂದು, ಕೊನೆಗೆ ನಗೆಮಾತಾಗಿ ಉಳಿದಿದೆ. 1961ರಲ್ಲಿ ಸರ್ಕಾರವೇ ಈ ಕೊರತೆಯನ್ನು ಮನಗಂಡು, ಕೆಲವು ವಿಷಯಗಳನ್ನು ವಿದೇಶೀ ಭಾಷೆಯಲ್ಲಿಯೇ ಕಲಿಸುವ ಕನಿಷ್ಠ 700 ವಿಶೇಷಶಾಲೆಗಳನ್ನು ತೆರೆಯಬೇಕೆಂದು ಆಜ್ಞೆಮಾಡಿತು. ಅದಕ್ಕೆ ಹಿಂದಿನ ವರ್ಷ, 1960ರಲ್ಲಿ, ನತಾಲ್ಯಾ ಬೋಂಕ್ ಮತ್ತು ಅವರ ಸಹೋದ್ಯೋಗಿಗಳು, ವಿದೇಶೀ ವ್ಯಾಪಾರ ಇಲಾಖೆಯ ನೌಕರರಿಗೆ ಪಾಠ ಹೇಳುತ್ತಿದ್ದ ಅನುಭವದಿಂದ, ಹೊರತಂದ ಪಠ್ಯಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ, ಜನ ಅದನ್ನು ‘ಬೋಂಕ್’ ಎಂದೇ ಕರೆಯತೊಡಗಿದರು. ಮೊದಲು ಬಂದ ಚಾನ್ಸಲರನ ಕಾಲದಂತೆಯೇ, ಮಾತಿನ ಅವಶ್ಯಕತೆ ಈಗಲೂ ವ್ಯಾಪಾರಿಗೇ ಮೊದಲು ತಟ್ಟಿತೆಂಬುದು ಗಮನಾರ್ಹ.

ಜನಸಾಮಾನ್ಯರಾದರೋ ತಮ್ಮ ಎದುರಾಳನ್ನು ಗಾಳಿಯಲ್ಲಿ ಕಂಡುಕೊಂಡರು. 1955ರಲ್ಲಿ ಅಮೆರಿಕದ ಬಾನುಲಿಯಲ್ಲಿ ಜಾಸ್ ಸಂಗೀತದ ಕಾರ್ಯಕ್ರಮವನ್ನು ಆರಂಭಿಸಿದ ವಿಲಿಸ್ ಕಾನೊವರನ ನಿಧಾನವಾದ, ಸ್ಪಷ್ಟವಾದ ಉಚ್ಚಾರಣೆ, ರಾತ್ರಿಯ ಹೊತ್ತು ರೇಡಿಯೋದ ಮುಂದೆ ಕುಳಿತ ತರುಣರಿಗೆ ಪಾಠವಾಯಿತು. ರಷ್ಯನ್ ಭಾಷೆಯ ವಿದೇಶೀ ಪ್ರಸಾರಗಳನ್ನು ಗದ್ದಲವೆಬ್ಬಿಸಿ ಅಡಗಿಸುತ್ತಿದ್ದ ಸರ್ಕಾರ ಇಂಗ್ಲಿಷಿನವನ್ನು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. 1957ರ ಬೇಸಗೆಯಲ್ಲಿ ಮಾಸ್ಕೋದಲ್ಲಿ ನಡೆದ ಯುವಜನೋತ್ಸವಕ್ಕೆ 131 ದೇಶಗಳಿಂದ ಸುಮಾರು 34,000 ಅತಿಥಿಗಳು ಬಂದಾಗ, ಪುಸ್ತಕದಲ್ಲಿ ಮಾತ್ರ ಕಂಡಿದ್ದ ಭಾಷೆಯನ್ನು ಜೀವಂತ ಮನುಷ್ಯನ ಮುಂದೆ ಪ್ರಯೋಗಿಸಿ ನೋಡುವ ಭಾಗ್ಯ ಎಷ್ಟೋ ಜನರಿಗೆ ಮೊದಲ ಸಲ ಒದಗಿತು.

1991ರ ಅನಂತರ ಗಡಿಗಳು ತೆರೆದವು. ಬೋಂಕ್ ಪುಸ್ತಕದ ಪಕ್ಕದಲ್ಲಿ ಕೇಂಬ್ರಿಜಿನ ರೇಮಂಡ್ ಮರ್ಫಿಯ ವ್ಯಾಕರಣವೂ ಬಂದು ಕುಳಿತಿತು. ಊರೂರುಗಳಲ್ಲಿ ಸಂಜೆಯ ಹೊತ್ತು ಚಹಾ ಕುಡಿಯುತ್ತ ಇಂಗ್ಲಿಷಿನಲ್ಲಿ ಹರಟುವ ಸಂಭಾಷಣಾ ಕೂಟಗಳು ಹುಟ್ಟಿಕೊಂಡವು. ಅಲ್ಲಿಗೆ ಬರುವ ಹಿರಿಯರ ವ್ಯಾಕರಣ ಬಹಳಮಟ್ಟಿಗೆ ಶುದ್ಧವಾಗಿರುತ್ತದೆ. ತಡವಾಗುವುದು ಬಾಯಿ ತೆರೆಯುವುದಕ್ಕೆ. ಇದನ್ನು ಕಂಡು ನಗುವ ಅಧಿಕಾರ ನಮಗಿಲ್ಲ. ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದು, ಸಂದರ್ಶನದಲ್ಲಿ ಮೌನವಾಗುವ ಮಕ್ಕಳು ನಮ್ಮ ಊರುಗಳಲ್ಲಿಯೂ ಇದ್ದಾರೆ. ಅಂಥ ಮಗುವಿಗೆ ಇನ್ನೊಂದು ವ್ಯಾಕರಣಗ್ರಂಥವನ್ನು ಕೊಂಡುಕೊಡುವ ಮೊದಲು, ದಿನಕ್ಕೆ ಅರ್ಧ ಗಂಟೆ ಅದರ ಎದುರು ಕುಳಿತು, ತಪ್ಪನ್ನು ಎಣಿಸದೆ, ಅದರ ಮಾತಿಗೆ ಮಾತು ಕೊಡಿರಿ.