ರೇಬಿಸ್ ಬಂದರೆ ಮನುಷ್ಯ ನಾಯಿಯಂತೆ ಬೊಗಳುತ್ತಾನೆಯೇ? ಅಸಲಿ ಸಂಗತಿ ಇಲ್ಲಿದೆ

ಕೊಚ್ಚಿ/ತಿರುವನಂತಪುರಂ: 2025ರ ಮೇ ತಿಂಗಳಲ್ಲಿ ತಿರುವನಂತಪುರಂನ ಎಸ್‌ಎಟಿ ಆಸ್ಪತ್ರೆಯಲ್ಲಿ 7 ವರ್ಷದ ಬಾಲಕಿಯೊಬ್ಬಳು ರೇಬಿಸ್‌ಗೆ ಬಲಿಯಾದಳು. ಬೀದಿನಾಯಿ ಕಚ್ಚಿದ್ದು ಏಪ್ರಿಲ್‌ನಲ್ಲಿ, ಲಸಿಕೆಯನ್ನೂ ಹಾಕಿಸಲಾಗಿತ್ತು. ಅದಕ್ಕೂ ಒಂದು ವರ್ಷ ಮೊದಲು, ಕೊಚ್ಚಿ ಇರುವ ಎರ್ನಾಕುಲಂ ಜಿಲ್ಲೆಯ ಮೂವಾಟ್ಟುಪುಳದಲ್ಲಿ 8 ಮಂದಿಗೆ ಕಚ್ಚಿದ್ದ ನಾಯಿ ಸತ್ತು, ಮರಣೋತ್ತರ ಪರೀಕ್ಷೆಯಲ್ಲಿ ರೇಬಿಸ್ ಖಚಿತವಾಗಿತ್ತು. ಇಂಥ ಸುದ್ದಿ ಬಂದಾಗಲೆಲ್ಲ ಹಳೆಯ ಮಾತೊಂದು ಮತ್ತೆ ಕೇಳಿಬರುತ್ತದೆ: ಹುಚ್ಚುನಾಯಿ ಕಚ್ಚಿದವನು ನಾಯಿಯಂತೆಯೇ ಬೊಗಳುತ್ತಾನೆ, ಕಂಡವರನ್ನು ಕಚ್ಚುತ್ತಾನೆ.

ಅದು ತಪ್ಪು ಕಲ್ಪನೆ. ಗಂಟಲಿನ ಸ್ನಾಯುಗಳು ಹಿಡಿದುಕೊಂಡಾಗ ರೋಗಿಯ ದನಿ ಒಡೆದು ಕರ್ಕಶವಾಗುತ್ತದೆ. ಅದನ್ನೇ ಜನ ಬೊಗಳುವಿಕೆ ಎಂದುಕೊಂಡರು. ರೋಗಿಯಿಂದ ರೋಗಿಗೆ ಕಡಿತದ ಮೂಲಕ ಹರಡುವುದು ತಾತ್ವಿಕವಾಗಿ ಸಾಧ್ಯವಾದರೂ ಖಚಿತಪಟ್ಟ ಪ್ರಕರಣ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ವೈರಾಣು ಒಂದೇ, ಕಚ್ಚಿದ ಜಾಗದಿಂದ ನರಗಳ ಮೂಲಕ ಮಿದುಳಿಗೆ ಏರುವ ದಾರಿಯೂ ಒಂದೇ. ವರ್ತನೆ ಮಾತ್ರ ಬೇರೆ. ನಾಯಿಯಲ್ಲಿ ಅದು ಗೊತ್ತುಗುರಿಯಿಲ್ಲದ ಅಲೆದಾಟ, ಕಲ್ಲು ಕಟ್ಟಿಗೆಯನ್ನೂ ಕಚ್ಚುವುದು, ಜೊಲ್ಲು ಸುರಿಸುವುದು. ಕೆಲವು ನಾಯಿಗಳು ಮೂಲೆ ಸೇರಿ ಸುಮ್ಮನೆ ಮಲಗುತ್ತವೆ, ದವಡೆ ಜೋತು ಬೀಳುತ್ತದೆ. ಹಸು ಒಂದೇ ಸಮನೆ ಅರಚುತ್ತದೆ, ನುಂಗಲಾರದು. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕಿದವರಿಗೆ ಅಪಾಯ ಅಲ್ಲೇ ಕಾದಿರುತ್ತದೆ.

ಮನುಷ್ಯನಲ್ಲಿ ಮೊದಲು ಜ್ವರ, ಗಾಯವಾದ ಜಾಗದಲ್ಲಿ ಜುಮುಜುಮು. ಆಮೇಲೆ ನೀರಿನ ಭಯ. ಲೋಟ ತುಟಿಗೆ ಬರುವ ಮೊದಲೇ ಗಂಟಲು ಸೆಟೆದುಕೊಳ್ಳುತ್ತದೆ. ಕೆಲವರಿಗೆ ಫ್ಯಾನಿನ ಗಾಳಿ ಸಾಕು. ಈ ನೀರಿನ ಭಯ ನಾಯಿಗಳಲ್ಲಿ ಕಾಣುವುದಿಲ್ಲ. ಹಾಗಾಗಿ ನಾಯಿ ನೀರು ಕುಡಿಯಿತು, ರೇಬಿಸ್ ಇಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಉದ್ರೇಕದ ನಡುವೆ ರೋಗಿಗೆ ಪೂರ್ತಿ ಎಚ್ಚರ ಮರಳುವುದೂ ಉಂಟು. ಮನೆಯವರನ್ನು ಗುರುತಿಸಿ, ಮಾತಾಡಿ, ಏನಾಗುತ್ತಿದೆ ಎಂದು ಅರಿತೇ ಸಾಯುವ ಕಾಯಿಲೆ ಇದು. ಸುಮಾರು 20% ಮಂದಿಯಲ್ಲಿ ಉದ್ರೇಕವೇ ಇರದೆ, ಪಾರ್ಶ್ವವಾಯುವಿನಂತೆ ಕೈಕಾಲು ಸೋಲುತ್ತವೆ. ಆಗ ರೋಗ ಪತ್ತೆಯಾಗದೇ ಉಳಿಯುವ ಸಂಭವ ಹೆಚ್ಚು.

ಲಕ್ಷಣ ಕಾಣಿಸಿದ ಮೇಲೆ ಉಳಿದವರು ಬೆರಳೆಣಿಕೆಯಷ್ಟು. ಹಾಗಾದರೆ ಲಸಿಕೆ ಪಡೆದ ಮಕ್ಕಳೂ ಸತ್ತದ್ದೇಕೆ? ಮುಖ, ಕತ್ತು, ಕೈಗಳಂತಹ ನರ ದಟ್ಟವಾಗಿರುವ ಕಡೆ ಆಳವಾಗಿ ಕಚ್ಚಿದರೆ, ಲಸಿಕೆಯಿಂದ ಪ್ರತಿರೋಧ ಮೂಡುವ ಮುನ್ನವೇ ವೈರಾಣು ನರ ಸೇರಿಬಿಡಬಹುದು. ಆ ಅಂತರ ತುಂಬಲು ಗಾಯದೊಳಗೇ ಇಮ್ಯುನೋಗ್ಲಾಬುಲಿನ್ ಚುಚ್ಚುತ್ತಾರೆ.

ಅದಕ್ಕೂ ಮೊದಲಿನ ಕೆಲಸ ಮನೆಯ ನಲ್ಲಿಯಲ್ಲೇ ಇದೆ: ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯುವುದು. ಅರಿಶಿನ, ಸುಣ್ಣ, ಕಾರದಪುಡಿ ಬೇಡ. ಕಚ್ಚಿದ ಸಾಕುನಾಯಿಯನ್ನು 10 ದಿನ ಕಟ್ಟಿ ಗಮನಿಸಬೇಕು. ಆದರೆ ಲಸಿಕೆ ಆರಂಭಿಸಲು ಆ 10 ದಿನ ಕಾಯಬಾರದು.