ಓಸಿಟಿ ವರದಿಯಲ್ಲಿ ‘ಪದರ ತೆಳು’ ಎಂದಿದೆ: ಇದು ಡಿಮೆನ್ಷಿಯಾದ ಸೂಚನೆಯೇ?

ಡೊಂಬಿವಲಿ, ಕಲ್ಯಾಣ, ಥಾಣೆ ಅಥವಾ ನವಿಮುಂಬಯಿಯಲ್ಲಿ ಮನೆಯ ಹಿರಿಯರ ಕಣ್ಣು ತೋರಿಸಿದಾಗ ವೈದ್ಯರು ಓಸಿಟಿ ಸ್ಕ್ಯಾನ್ ಬರೆದುಕೊಡಬಹುದು. ಅದರ ವರದಿಯಲ್ಲಿ ನರತಂತುಗಳ ಪದರ ತೆಳುವಾಗಿದೆ ಎಂದಿದ್ದರೆ, ಹಿರಿಯರಿಗೆ ಮರೆವೂ ಇದ್ದರೆ, ಎರಡನ್ನೂ ಸೇರಿಸಿ ಗಾಬರಿಯಾಗುವುದು ಸಹಜ. ಆದರೆ ಈ ಒಂದು ವರದಿಯಿಂದ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ ಎಂದಾಗಲಿ, ಇಲ್ಲ ಎಂದಾಗಲಿ ಹೇಳಲಾಗದು.

ಓಸಿಟಿ ಏನನ್ನು ಅಳೆಯುತ್ತದೆ?

ಕಣ್ಣಿನ ಹಿಂಭಾಗದ ರೆಟಿನಾ (ಅಕ್ಷಿಪಟಲ) ಮೆದುಳಿನ ನರಮಂಡಲದ್ದೇ ಭಾಗ. ಅದರ ನರತಂತುಗಳು ಒಟ್ಟುಗೂಡಿ ದೃಷ್ಟಿನರವಾಗಿ ಮೆದುಳಿನ ಕಡೆಗೆ ಸಾಗುತ್ತವೆ. ಓಸಿಟಿ ಯಂತ್ರವು ಬೆಳಕಿನ ಸಹಾಯದಿಂದ ಈ ಪದರಗಳ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಚುಚ್ಚುಮದ್ದಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಕಣ್ಣಿಗೆ ಹನಿ ಹಾಕಿದರೆ ಕೆಲವು ಗಂಟೆ ದೃಷ್ಟಿ ಮಂಜಾಗಿರುತ್ತದೆ. ಹಿರಿಯರನ್ನು ಲೋಕಲ್ ರೈಲಿನಲ್ಲಿ ಒಬ್ಬರನ್ನೇ ಕಳುಹಿಸಬೇಡಿ.

ಸಂಶೋಧನೆ ಏನು ಹೇಳುತ್ತದೆ?

ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ 40ರಿಂದ 69 ವರ್ಷದ 32,000ಕ್ಕೂ ಹೆಚ್ಚು ಜನರ ಕಣ್ಣು ಮತ್ತು ಗ್ರಹಣಶಕ್ತಿಯನ್ನು ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನರತಂತು ಪದರ ತೆಳುವಾಗಿದ್ದವರು ನೆನಪು ಮತ್ತು ಯೋಚನೆಯ ಪರೀಕ್ಷೆಗಳಲ್ಲಿ ಹಿಂದಿದ್ದರು. ಅವರಲ್ಲಿ ಕೆಲವರನ್ನು ಮೂರು ವರ್ಷದ ನಂತರ ಮತ್ತೆ ಪರೀಕ್ಷಿಸಿದಾಗ, ಪದರ ಹೆಚ್ಚು ತೆಳುವಾಗಿದ್ದವರಲ್ಲಿ ಒಂದಾದರೂ ಪರೀಕ್ಷೆಯ ಅಂಕ ಕುಸಿಯುವ ಸಾಧ್ಯತೆ ಸುಮಾರು ಎರಡು ಪಟ್ಟಿತ್ತು.

ಇದು ದೊಡ್ಡ ಗುಂಪಿನ ಲೆಕ್ಕ. ಪದರ ತೆಳುವಾಗಿರುವ ಎಷ್ಟೋ ಜನರಿಗೆ ಡಿಮೆನ್ಷಿಯಾ ಬರುವುದಿಲ್ಲ. ಡಿಮೆನ್ಷಿಯಾ ಇರುವ ಎಲ್ಲರ ಪದರವೂ ತೆಳುವಾಗಿರುವುದಿಲ್ಲ.

ಪದರ ತೆಳುವಾಗಲು ಬೇರೆ ಕಾರಣಗಳು

• ಗ್ಲಾಕೋಮಾ: ಮೊದಲು ನೋಡಬೇಕಾದದ್ದು ಇದನ್ನೇ. ಚಿಕಿತ್ಸೆ ತಡವಾದರೆ ಹೋದ ದೃಷ್ಟಿ ಮರಳುವುದಿಲ್ಲ.
• ಹೆಚ್ಚು ಮೈನಸ್ ಪವರ್
• ಮಧುಮೇಹ
• ದೃಷ್ಟಿನರದ ಇತರ ಕಾಯಿಲೆಗಳು
• ವಯಸ್ಸು

ಕಣ್ಣಿನ ಪೊರೆ ಇದ್ದರೆ ಅಥವಾ ಸ್ಕ್ಯಾನ್ ವೇಳೆ ಕಣ್ಣು ಅಲುಗಾಡಿದರೆ ಅಳತೆಯೇ ತಪ್ಪಾಗಬಹುದು.

ಮರೆವು ಇದ್ದರೆ ಏನು ಮಾಡಬೇಕು?

ಹೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ಗೊಂದಲವಾಗುವುದು, ಸ್ವಭಾವ ಬದಲಾಗುವುದು ಕಂಡರೆ ಸ್ಕ್ಯಾನ್ ವರದಿ ಹೇಗೇ ಇರಲಿ, ನರರೋಗ ಅಥವಾ ಮನೋರೋಗ ತಜ್ಞರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ, ಇವುಗಳಿಗೆ ಚಿಕಿತ್ಸೆಯಿದೆ.

ಪರೀಕ್ಷೆಯ ಭಾಷೆಯನ್ನೂ ಗಮನಿಸಿ. ಮನೆಯಲ್ಲಿ ಕನ್ನಡವನ್ನೇ ಆಡುವ ಹಿರಿಯರಿಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಪ್ರಶ್ನೆ ಕೇಳಿದರೆ, ಭಾಷೆಯ ತೊಡಕಿನಿಂದಲೇ ಅಂಕ ಕಡಿಮೆಯಾಗಬಹುದು. ಅವರ ಮಾತೃಭಾಷೆ ಯಾವುದು, ಎಷ್ಟು ಓದಿದ್ದಾರೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಐಸಿಎಂಆರ್ ರೂಪಿಸಿರುವ ಗ್ರಹಣಶಕ್ತಿ ಪರೀಕ್ಷೆಗಳ ಸಂಚು ಕನ್ನಡದಲ್ಲೂ ಇದೆ. ಕನ್ನಡದಲ್ಲಿ ಪರೀಕ್ಷಿಸಲು ಸಾಧ್ಯವೇ ಎಂದು ಕೇಳಿ. ಕನ್ನಡಕ, ಶ್ರವಣಯಂತ್ರ ಇದ್ದರೆ ಹಾಕಿಸಿಕೊಂಡೇ ಕರೆದೊಯ್ಯಿರಿ.

ದೃಷ್ಟಿಯನ್ನು ಕಡೆಗಣಿಸಬೇಡಿ

ಚಿಕಿತ್ಸೆ ಪಡೆಯದ ದೃಷ್ಟಿದೋಷವನ್ನು ಲ್ಯಾನ್ಸೆಟ್ ಆಯೋಗವು 2024ರಲ್ಲಿ ಡಿಮೆನ್ಷಿಯಾದ ಅಪಾಯಕಾರಿ ಅಂಶಗಳ ಪಟ್ಟಿಗೆ ಸೇರಿಸಿದೆ. ಪೊರೆಯ ಶಸ್ತ್ರಚಿಕಿತ್ಸೆಯನ್ನು ‘ಈ ವಯಸ್ಸಿಗೆ ಯಾಕೆ’ ಎಂದು ಮುಂದೂಡಬೇಡಿ. ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ.

ಯಾವಾಗ ತಡಮಾಡಬಾರದು?

ಗೊಂದಲ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಕಾಣಿಸಿಕೊಂಡರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ದೃಷ್ಟಿ ಹಠಾತ್ ಹೋದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ಆರೈಕೆ ಮಾಡುವ ನಿಮಗೇ ಮನಸ್ಸಿನ ಮೇಲೆ ಭಾರವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದು ಉಚಿತ, ಕನ್ನಡದಲ್ಲೂ ಮಾತನಾಡಬಹುದು.