ಐಸಿನಲ್ಲಿ ಸಾಗಿ ಬಂದ ಟ್ರೌಟ್

ನಮ್ಮ ಕಡೆ ಕೆರೆಗೆ ಮೀನುಮರಿ ಬಿಡುವುದು ಮಳೆ ಬಿದ್ದು ನೀರು ತುಂಬಿದ ಮೇಲೆ. ಕಾಟ್ಲಾ, ರೋಹು, ಮೃಗಾಲ್ ಮರಿಗಳು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ, ಬೆಚ್ಚಗಿನ ನೀರಿನಲ್ಲಿ ಬೇಗ ಬೆಳೆಯುತ್ತವೆ. ಇದನ್ನೇ ನೋಡಿದ ನಮಗೆ, ಕೈ ಇಟ್ಟರೆ ಮರಗಟ್ಟುವ ಹೊಳೆಗೆ ಕೊರೆಯುವ ಚಳಿಗಾಲದಲ್ಲಿ ಮೀನು ತಂದರು ಎಂದರೆ ವಿಚಿತ್ರ ಅನಿಸಬಹುದು. ಆದರೆ ಟ್ರೌಟ್ ಎಂಬ ಮೀನು ಕಾಶ್ಮೀರಕ್ಕೆ ಬಂದಿದ್ದು ಅಂಥ ಕಾಲದಲ್ಲೇ. ಈ ಮೀನಿಗೆ ಚಳಿಗಿಂತ ಸೆಕೆಯೇ ದೊಡ್ಡ ಶತ್ರು.

ಕಾರಣ ಸರಳ. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ. 0 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 14 ಮಿಲಿಗ್ರಾಂ ಇದ್ದರೆ, 25 ಡಿಗ್ರಿ ನೀರಿನಲ್ಲಿ 8ರ ಆಸುಪಾಸು. ಟ್ರೌಟ್‌ಗೆ ಹಿಡಿಸುವುದು 10ರಿಂದ 15 ಡಿಗ್ರಿಯ ಹರಿಯುವ ನೀರು. 20 ದಾಟಿದರೆ ಕಷ್ಟ, 25ರ ಹತ್ತಿರ ಹೋದರೆ ಬದುಕುವುದೇ ಅನುಮಾನ.

ಬ್ರಿಟಿಷರು ತಾವು ಹೋದ ಕಡೆಯೆಲ್ಲ ಗಾಳ ಹಾಕುವ ಮೋಜಿಗೆ ತಮ್ಮ ಊರಿನ ಟ್ರೌಟ್ ಬೇಕು ಎಂದುಕೊಂಡರು. ತೊಡಕಾಗಿದ್ದು ದಾರಿ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಸುಮಾರು ಮೂರು ತಿಂಗಳು. ನಡುವೆ ಭೂಮಧ್ಯರೇಖೆಯ ಸುಡು ಸೆಕೆ. ಟ್ರೌಟ್ ಮೊಟ್ಟೆ 10 ಡಿಗ್ರಿ ನೀರಿನಲ್ಲಿ ಸುಮಾರು 40 ದಿನಕ್ಕೆ ಮರಿಯಾಗುತ್ತದೆ. ಹಾಗಾದರೆ ಮರಿಗಳು ನಡುಗಡಲಿನಲ್ಲೇ ಹುಟ್ಟಿ ಸಾಯುತ್ತವೆ.

ಇದಕ್ಕೆ ದಾರಿ ಹುಡುಕಿದವರು ಜೇಮ್ಸ್ ಆರ್ನ್‌ಡೆಲ್ ಯೂಲ್. ನೀರು ತಣ್ಣಗಾದಷ್ಟೂ ಮೊಟ್ಟೆ ಬೆಳೆಯುವುದು ನಿಧಾನವಾಗುತ್ತದೆ. 5 ಡಿಗ್ರಿಗೆ ಇಳಿದರೆ 40 ದಿನದ ಕೆಲಸಕ್ಕೆ ಹೆಚ್ಚುಕಡಿಮೆ ಎರಡರಷ್ಟು ದಿನ ಬೇಕು. ಯೂಲ್ ಮೊಟ್ಟೆಗಳನ್ನು ಒದ್ದೆ ಪಾಚಿಯ ಜೊತೆ ಮರದ ಪೆಟ್ಟಿಗೆಗಳಲ್ಲಿಟ್ಟು, ಲಂಡನ್ನಿನ ಐಸ್ ಕಂಪನಿಯೊಂದರ ನೆಲಮಾಳಿಗೆಯಲ್ಲಿ ಪರೀಕ್ಷೆ ಮಾಡಿದರು. ಮೊಟ್ಟೆಗಳು ಸಾಯಲಿಲ್ಲ, ತಡವಾಗಿ ಬೆಳೆದವು ಅಷ್ಟೆ.

ಹಿಂದಿನ ಪ್ರಯತ್ನಗಳಲ್ಲಿ ದಾರಿಯ ನಡುವೆಯೇ ಐಸ್ ಕರಗಿ ಎಲ್ಲ ಹಾಳಾಗಿತ್ತು. 1864ರ ಜನವರಿಯಲ್ಲಿ 'ನಾರ್‌ಫೋಕ್' ಹಡಗು ಐಸ್ ಕೋಣೆಯಲ್ಲಿ ಮೊಟ್ಟೆ ತುಂಬಿಕೊಂಡು ಹೊರಟಿತು. ಅದರಲ್ಲಿ ಲಕ್ಷಕ್ಕೂ ಹೆಚ್ಚಿದ್ದದ್ದು ಸಾಲ್ಮನ್ ಮೊಟ್ಟೆ. ಟ್ರೌಟ್ ಮೊಟ್ಟೆ ಮೂರು ಸಾವಿರದ ಒಳಗೆ, ಜೊತೆಗಿರಲಿ ಎಂದು ಸೇರಿಸಿದ್ದು. ಏಪ್ರಿಲ್‌ನಲ್ಲಿ ಮೆಲ್ಬೋರ್ನ್ ಮುಟ್ಟಿ, ಅಲ್ಲಿಂದ ಟಾಸ್ಮೇನಿಯಾದ ಪ್ಲೆಂಟಿ ಎಂಬಲ್ಲಿನ ಕೊಳಗಳಿಗೆ ಬಂದವು. ಮೇ ತಿಂಗಳಲ್ಲಿ, ಅಲ್ಲಿ ಚಳಿ ಶುರುವಾಗುವಾಗ, ಮರಿಗಳು ಹೊರಬಂದವು. ಮುಖ್ಯ ಸರಕಾಗಿದ್ದ ಸಾಲ್ಮನ್ ಆ ಹೊಳೆಗಳಲ್ಲಿ ನೆಲೆ ನಿಲ್ಲಲೇ ಇಲ್ಲ. ಜೊತೆಗೆ ಬಂದ ಟ್ರೌಟ್ ನಿಂತಿತು.

ನಮಗೆ ಹತ್ತಿರದ ನೀಲಗಿರಿಯಲ್ಲೂ ಇದೇ ಕಾಲಕ್ಕೆ ಪ್ರಯತ್ನ ನಡೆದಿತ್ತು. ಭಾರತದ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದ ವೈದ್ಯ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಇಂಗ್ಲೆಂಡಿನಿಂದ ಟ್ರೌಟ್ ತರಲು ನೋಡಿದರು, ಫಲಿಸಲಿಲ್ಲ. ಆಗ ಸೂಯೆಜ್ ಕಾಲುವೆಯೂ ಇರಲಿಲ್ಲ. 1907ರಲ್ಲಿ ಊಟಿ ಬಳಿಯ ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರ ಆದ ಮೇಲೆ, ಎಚ್. ಸಿ. ವಿಲ್ಸನ್ ಅವರ ಕಾಲದಲ್ಲಿ ರೇನ್‌ಬೋ ಟ್ರೌಟ್ ಅಲ್ಲಿ ಹಿಡಿಯಿತು. ಈ ಜಾತಿ ಸ್ವಲ್ಪ ಬೆಚ್ಚಗಿನ ನೀರನ್ನೂ ತಡೆಯುತ್ತದೆ.

ಇನ್ನು ಕಾಶ್ಮೀರ. 1899ರಲ್ಲಿ ಡ್ಯೂಕ್ ಆಫ್ ಬೆಡ್‌ಫೋರ್ಡ್ ಕಳಿಸಿದ ಮೊದಲ ಕಂತಿನ ಮೊಟ್ಟೆಗಳು ದಾರಿಯಲ್ಲೇ ಸತ್ತವು. ಎರಡನೇ ಕಂತು ಸ್ಕಾಟ್ಲೆಂಡಿನಿಂದ 1900ರ ಡಿಸೆಂಬರ್‌ನಲ್ಲಿ ಮುಟ್ಟಿತು. ಶ್ರೀನಗರಕ್ಕೆ ಆಗ ರೈಲು ಇಲ್ಲ, ಕೊನೆಯ ದಾರಿ ಬೆಟ್ಟದ ರಸ್ತೆ. ಕಾಶ್ಮೀರಿಗಳು 'ಚಿಲ್ಲೈ ಕಲಾನ್' ಎಂದು ಕರೆಯುವ 40 ದಿನಗಳ ಕಡುಚಳಿ ಡಿಸೆಂಬರ್ 21ಕ್ಕೆ ಶುರುವಾಗುತ್ತದೆ. ಶ್ರೀನಗರದಲ್ಲಿ ಕಾರ್ಪೆಟ್ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಈ ಮೀನುಗಳ ಹೊಣೆ ಹೊತ್ತರು. ದಾಚಿಗಾಮ್ ಕಡೆಯ ನೀರಿನಿಂದ ಶುರುವಾಗಿ ಟ್ರೌಟ್ ಕಣಿವೆಯ ಹೊಳೆಗಳಿಗೆ ಹರಡಿತು.

ಹಾಗೆಂದು ಎಷ್ಟು ಚಳಿಯಾದರೂ ಸರಿ ಎಂದಲ್ಲ. ಹೊಳೆಯ ತಳವೇ ಹೆಪ್ಪುಗಟ್ಟಿದರೆ ಕಲ್ಲುಗಳ ನಡುವಿನ ಮೊಟ್ಟೆಗಳು ಉಳಿಯುವುದಿಲ್ಲ. ಅದಕ್ಕೇ ಕಾಶ್ಮೀರದಲ್ಲಿ ಕೋಕರ್‌ನಾಗ್, ಅಚ್ಛಾಬಲ್‌ನಂಥ ದೊಡ್ಡ ಬುಗ್ಗೆಗಳ ಪಕ್ಕ ಮರಿ ಮಾಡುವ ಕೇಂದ್ರಗಳನ್ನು ಕಟ್ಟಿದರು. ಬುಗ್ಗೆಯ ನೀರು ಬೇಸಿಗೆಯಲ್ಲಿ ಬಿಸಿಯಾಗುವುದಿಲ್ಲ, ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ಮೊಟ್ಟೆಗಳು ಬೆಳೆಯುತ್ತಿರುತ್ತವೆ.

ಈ ಮೀನು ಬಂದದ್ದು ಹಳ್ಳಿಯವರ ಹೊಟ್ಟೆಗಲ್ಲ, ಸಾಹೇಬರ ಮೋಜಿಗೆ. ಕಾಶ್ಮೀರದ ಟ್ರೌಟ್ ಹೊಳೆಗಳಲ್ಲಿ ಗಾಳ ಹಾಕಲು ಇಂದಿಗೂ ಪರವಾನಗಿ ಬೇಕು. ಟ್ರೌಟ್ ಬೇಟೆಯ ಮೀನು, ಸಣ್ಣ ಮೀನುಗಳನ್ನು ತಿನ್ನುತ್ತದೆ. ಟಾಸ್ಮೇನಿಯಾದ ಗ್ಯಾಲಾಕ್ಸಿಯಸ್ ಎಂಬ ಸ್ಥಳೀಯ ಸಣ್ಣ ಮೀನುಗಳು ಇದರಿಂದ ಬಹಳ ಕುಗ್ಗಿದವು. ಇನ್ನೊಂದು ಕಡೆ, ಇವತ್ತು ಕಾಶ್ಮೀರದ ಹಳ್ಳಿಗಳಲ್ಲಿ ಯುವಕರು ಸಿಮೆಂಟ್ ತೊಟ್ಟಿಗಳಲ್ಲಿ ಟ್ರೌಟ್ ಸಾಕಿ ಮಾರುತ್ತಿದ್ದಾರೆ. ಸಾಹೇಬರ ಮೀನು ಈಗ ಅವರ ಬದುಕು.

ಆ ಬದುಕು ನಿಂತಿರುವುದು ಚಳಿಯ ಮೇಲೆ. ಬೆಟ್ಟದಲ್ಲಿ ಬಿದ್ದ ಹಿಮ ನಿಧಾನವಾಗಿ ಕರಗಿ ನೆಲಕ್ಕಿಳಿದರೆ ಬುಗ್ಗೆ ಚಿಮ್ಮುತ್ತದೆ. 2025ರ ಚಳಿಗಾಲದಲ್ಲಿ ಕಾಶ್ಮೀರದಲ್ಲಿ ಮಳೆ, ಹಿಮ ಎರಡೂ ತೀರಾ ಕಡಿಮೆಯಾದವು. ಫೆಬ್ರವರಿಯಲ್ಲಿ, ಮೊಗಲರ ತೋಟಕ್ಕೆ ನೀರುಣಿಸುತ್ತಿದ್ದ ಅಚ್ಛಾಬಲ್ ಬುಗ್ಗೆ ಬತ್ತಿತು. ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರಿಗೂ ತೊಂದರೆಯಾಯಿತು.

ಯೂಲ್ ಕಾಲದಲ್ಲಿ ಐಸ್ ಮುಗಿಯದಂತೆ ನೋಡಿಕೊಳ್ಳಬೇಕಾಗಿದ್ದು ಒಂದು ಹಡಗಿನಲ್ಲಿ, ಮೂರು ತಿಂಗಳು ಮಾತ್ರ. ಈಗ ಅದೇ ಚಿಂತೆ ಬೆಟ್ಟಕ್ಕೆ ಬಂದಿದೆ. ಬೆಟ್ಟದ ಹಿಮವನ್ನು ಪೆಟ್ಟಿಗೆಯಲ್ಲಿ ತುಂಬಿ ತರಲು ಆಗುವುದಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿ ಮೀನುಮರಿ ಕಳೆದುಕೊಂಡ ನಮ್ಮ ಊರಿನವರಿಗೆ ಅಚ್ಛಾಬಲ್‌ನವರ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.